ಹುಳು ಮನೆಗೆ ಹೊಕ್ಕ ನೋವಿನ ಮುಲಾಮು

ನನಗೆ ಕೋಪ ಬರುವುದಿಲ್ಲ. ಯಾರಾದರೂ ಬರಿಸುತ್ತಾರೆ, ಅಷ್ಟೆ. ಈ ಸೂಕ್ಷ್ಮ ವ್ಯತ್ಯಾಸವನ್ನು ಮದುವೆಯಾದಾಗಿನಿಂದ ನಮ್ಮ ಯಜಮಾನರಿಗೆ ವಿವರಿಸುತ್ತಲೇ ಬಂದಿದ್ದೇನೆ. ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಡುವ ಮನುಷ್ಯನ ತಲೆಗೆ ಇಷ್ಟು ಚಿಕ್ಕ ಲೆಕ್ಕ ಹೋಗುವುದಿಲ್ಲ.

ನಾನು ಚಿಕ್ಕಬಳ್ಳಾಪುರದಲ್ಲಿ ಫಿಸಿಯೋಥೆರಪಿಸ್ಟ್. ಸೊಂಟ, ಕುತ್ತಿಗೆ, ಮಂಡಿ ನೋವೆಂದು ಬಂದವರಿಗೆ ವ್ಯಾಯಾಮ ಹೇಳಿಕೊಡುವವಳು. ವ್ಯಾಯಾಮ ಯಾರಿಗೂ ಬೇಡ. ನನ್ನ ಕ್ಲಿನಿಕ್ಕಿನಲ್ಲಿ ಒಂದು ಚಿಕ್ಕ ಮೆಷಿನ್ ಇದೆ, ಚರ್ಮದ ಮೇಲೆ ಜುಮ್ಮೆನ್ನಿಸುತ್ತದೆ. ಜನ ಅದಕ್ಕಾಗಿ ಬರುತ್ತಾರೆ. ನನ್ನ ಹೆಸರು ಪದ್ಮ ಎಂಬುದು ಎಷ್ಟೋ ಜನಕ್ಕೆ ಗೊತ್ತಿಲ್ಲ. 'ಕರೆಂಟ್ ಕೊಡೋ ಡಾಕ್ಟ್ರಮ್ಮ' ಎಂದರೆ ಬಸ್ ಸ್ಟ್ಯಾಂಡಿನಲ್ಲೂ ದಾರಿ ತೋರಿಸುತ್ತಾರೆ. ಇಷ್ಟೆಲ್ಲ ಓದಿ ಕೊನೆಗೆ ಲೈನ್‌ಮ್ಯಾನ್ ಆದೆ!

ಇಂಥ ಸಂದರ್ಭದಲ್ಲಿ ಬೆಂಗಳೂರಿನಲ್ಲಿ ಒಂದು ತರಬೇತಿಗೆ ಹೋದೆ. ವಿಷಯ: ದೀರ್ಘಕಾಲದ ನೋವಿನ ನಿರ್ವಹಣೆ. ತಿಂಗಳುಗಟ್ಟಲೆ, ವರ್ಷಗಟ್ಟಲೆ ಕಾಡುವ ನೋವು ಬರೀ ಮಾತ್ರೆಗೆ, ಸೂಜಿಗೆ ಹೋಗುವುದಿಲ್ಲ. ನೋವಿರುವವರನ್ನು ಗುಂಪಾಗಿ ಕೂರಿಸಿ, ನೋವು ಅಂದರೇನು ಎಂದು ತಿಳಿಸಿ, ಸ್ವಲ್ಪ ಸ್ವಲ್ಪವಾಗಿ ಮೈ ಆಡಿಸುವುದನ್ನು, ಕೆಲಸದ ನಡುವೆ ವಿಶ್ರಾಂತಿ ತೆಗೆದುಕೊಳ್ಳುವುದನ್ನು, ಉಸಿರಾಟವನ್ನು, ನಿದ್ದೆಯನ್ನು ಕಲಿಸಬೇಕು. ಮುಖ್ಯವಾಗಿ ಭಯ ಮತ್ತು ಕೋಪ ಕಡಿಮೆಯಾಗಬೇಕು. ಹೇಳಿಕೊಟ್ಟವರ ದನಿ ಎಷ್ಟು ಮೆತ್ತಗಿತ್ತೆಂದರೆ ಮಧ್ಯಾಹ್ನದ ಊಟವಾದ ಮೇಲೆ ಅರ್ಧ ಹಾಲ್ ಗೊರಕೆ ಹೊಡೆಯುತ್ತಿತ್ತು. ನಾನು ಮಾತ್ರ ಎಚ್ಚರವಾಗಿದ್ದೆ. ನಮ್ಮ ಜಿಲ್ಲೆಯ ನೋವನ್ನು ನಿರ್ವಹಿಸುವ ಹೊಣೆ ನನ್ನ ಹೆಗಲಿಗೇ ಬಿದ್ದಿದೆ ಎಂದು ನನಗೆ ಆಗಲೇ ಖಚಿತವಾಗಿತ್ತು.

ಮನೆಗೆ ಬಂದವಳೇ ಯಜಮಾನರಿಗೆ ಹೇಳಿದೆ. ಅವರು ಪೇಪರ್ ಕೆಳಗಿಟ್ಟರು.

"ಕೋಪ ಕಡಿಮೆ ಮಾಡ್ಕೊಳ್ಳೋದು ಹೆಂಗೆ ಅಂತ ನೀನು ಹೇಳ್ಕೊಡ್ತೀಯಾ?"

"ಹೌದು! ಏನೀಗ?"

"ಏನಿಲ್ಲ ಕಣೇ. ಸೊಂಟ ನೋವಿರೋರು ಓಡೋಕಾಗಲ್ವಲ್ಲ, ಪಾಪ ಅಂತ."

ಆ ರಾತ್ರಿ ಅವರಿಗೆ ಸಾರಿನಲ್ಲಿ ಉಪ್ಪಿರಲಿಲ್ಲ. ಮರೆತಿದ್ದೆ ಎಂದು ಹೇಳಿದ್ದೇನೆ.

ಗೌರಿಬಿದನೂರಿನ ಒಂದು ಸೇವಾ ಸಂಸ್ಥೆಯವರು ನನ್ನ ತರಗತಿಗೆಂದು ಚಾಪೆ ಕೊಡಿಸಿದರು. ಜಂಗಮಕೋಟೆಯಿಂದ ಆಚೆಗಿರುವ ಒಂದು ಹಳ್ಳಿಯನ್ನು ಆರಿಸಿಕೊಂಡೆ. ಊರಿನ ಹೆಸರು ಹೇಳುವುದಿಲ್ಲ, ಹೇಳಿದರೆ ನನ್ನನ್ನು ಮತ್ತೆ ಸೇರಿಸುವುದಿಲ್ಲ. ಅಲ್ಲಿ ಹಾಲಿನ ಡೈರಿಯ ಮಹಡಿ ಮೇಲೆ ಒಂದು ಹಾಲ್ ಖಾಲಿ ಇತ್ತು. ಡೈರಿ ಸೆಕ್ರೆಟರಿ ಶ್ರೀನಿವಾಸಪ್ಪ ಒಳ್ಳೆಯ ಮನುಷ್ಯ. ಪ್ರತಿ ಬುಧವಾರ ಬೆಳಿಗ್ಗೆ ಹಾಲು ಹಾಕುವುದು ಮುಗಿದ ಮೇಲೆ ತರಗತಿ ಎಂದು ತೀರ್ಮಾನವಾಯಿತು. 'ದೀರ್ಘಕಾಲೀನ ನೋವು ನಿರ್ವಹಣಾ ಕಾರ್ಯಕ್ರಮ' ಎಂದು ಬ್ಯಾನರ್ ಬರೆಸಿದೆ. ಗೋಡೆಗೆ ಕೆಂಪು ಅಕ್ಷರದ ಒಂದು ಚಾರ್ಟ್ ನಾನೇ ಕೂತು ಬರೆದೆ: 'ಕೋಪ ಬಿಡಿ, ನೋವು ತಾನಾಗಿ ಬಿಡುತ್ತದೆ.' ಬರೆಯುವಾಗ ಯಜಮಾನರು ಹಿಂದೆ ಬಂದು ನಿಂತು ಓದಿದರು. ನಾನು ತಿರುಗಿ ನೋಡಿದೆ. ಅವರು ಹಾಲು ತರುವ ನೆಪ ಹೇಳಿ ಹೊರಟುಹೋದರು.

ಮೊದಲನೇ ಬುಧವಾರ ಹಾಲ್ ಭರ್ತಿ! ಮೆಟ್ಟಿಲಿನ ಮೇಲೂ ಜನ! ನನ್ನ ಕಣ್ಣು ಒದ್ದೆಯಾಯಿತು. ಶ್ರೀನಿವಾಸಪ್ಪ ಬ್ಯಾನರಿನಷ್ಟು ಉದ್ದದ ಹೆಸರು ಯಾಕೆಂದು, ಹಾಲು ಹಾಕಲು ಬಂದವರಿಗೆಲ್ಲ 'ಸೊಂಟ ನೋವಿಗೆ ಡಾಕ್ಟ್ರು ಬರ್ತಾರೆ, ಫ್ರೀ' ಎಂದಷ್ಟೇ ಹೇಳಿದ್ದರಂತೆ. ಇದು ನನಗೆ ಆಮೇಲೆ ಗೊತ್ತಾಯಿತು.

ನಾನು ಬೆಂಗಳೂರಿನ ಮೆತ್ತನೆಯ ದನಿಯನ್ನು ತಂದುಕೊಂಡು ಶುರು ಮಾಡಿದೆ. "ನೋವು ಅಂದ್ರೆ ಮನೆ ಕಾಯೋ ನಾಯಿ ಇದ್ದ ಹಾಗೆ. ಕಳ್ಳ ಬಂದ್ರೆ ಬೊಗಳುತ್ತೆ. ಒಳ್ಳೇದೇ. ಆದ್ರೆ ಒಂದ್ಸಲ ಕಳ್ಳ ಬಂದು ಹೋದ ಮೇಲೆ ಕೆಲವು ನಾಯಿ ಎಲೆ ಅಲ್ಲಾಡಿದ್ರೂ ಬೊಗಳ್ತಾ ಇರುತ್ತೆ. ನಿಮ್ಮ ಸೊಂಟದ ನೋವೂ ಹಾಗೇನೇ."

ಮುಂದಿನ ಸಾಲಿನಲ್ಲಿದ್ದ ಪಾಪಣ್ಣ ಎಂಬ ಹಿರಿಯರು ಗಂಭೀರವಾಗಿ ಕೈ ಎತ್ತಿದರು. "ಅಂದ್ರೆ ನನ್ನ ಸೊಂಟದಾಗೆ ನಾಯಿ ಐತೆ ಅಂತೀರಾ?"

"ನಾಯಿ ಇಲ್ಲ. ಕಳ್ಳ ಇಲ್ಲದಿದ್ರೂ ಬೊಗಳುತ್ತೆ ಅಂತ ಹೇಳಿದ್ದು."

"ಓಹೋ! ಅಂದ್ರೆ ನಂದು ಸುಳ್ಳು ನೋವು!"

"ಸುಳ್ಳು ಅಂತ ಯಾರು ಅಂದ್ರು? ನೋವು ನಿಜಾನೇ!"

"ಮತ್ತೆ ನಾಯಿ ಯಾಕ್ ಬಂತಮ್ಮ ಮಧ್ಯದಾಗೆ? ಸೂಜಿ ಯಾವಾಗ ಹಾಕ್ತೀರ, ಅದನ್ನ ಹೇಳಿ."

ಸೂಜಿ! ಇಲ್ಲಿಗೆ ನನ್ನ ಮೆತ್ತನೆಯ ದನಿಯ ಆಯುಷ್ಯ ಮುಗಿಯಿತು. ಆ ಹಳ್ಳಿಗಳ ಕಡೆ ಬೈಕಿನಲ್ಲಿ ಬ್ಯಾಗ್ ನೇತುಹಾಕಿಕೊಂಡು ಬಂದು, ಯಾವ ನೋವಿಗೂ ಒಂದೇ ಸೂಜಿ ಚುಚ್ಚಿ ಹೋಗುವ ಶಂಕರಪ್ಪ ಎಂಬ ಮಹಾನುಭಾವನಿದ್ದಾನೆ. ಯಾವ ಕಾಲೇಜಿನ ಮೆಟ್ಟಿಲು ಹತ್ತಿದವನೋ ದೇವರಿಗೇ ಗೊತ್ತು. ಅವನ ಬಗ್ಗೆ, ಸೂಜಿಯ ಬಗ್ಗೆ, ಸೂಜಿಗಾಗಿ ಸಾಲು ನಿಲ್ಲುವವರ ಬಗ್ಗೆ, ಬಾಮ್ ಹಚ್ಚಿಕೊಂಡು ಕೂರುವ ಮೂಢತನದ ಬಗ್ಗೆ ಗಂಟಲು ಕಟ್ಟುವ ತನಕ ಮಾತನಾಡಿದೆ. ಎಲ್ಲರೂ ನನ್ನನ್ನು ಬಿಟ್ಟು ಬಾಗಿಲಿನ ಕಡೆ ನೋಡುತ್ತಿದ್ದರು. ನಾನೂ ನೋಡಿದೆ. ಬಾಗಿಲಲ್ಲಿ ಬ್ಯಾಗ್ ಹಿಡಿದುಕೊಂಡು ಶಂಕರಪ್ಪ ನಿಂತಿದ್ದ.

"ಮೇಡಂ ಹೇಳೋದ್ರಲ್ಲೂ ಪಾಯಿಂಟ್ ಐತೆ," ಎಂದು ನಕ್ಕು ಕೆಳಗಿಳಿದು ಹೋದ. ಅವನ ಹಿಂದೆ ಅರ್ಧ ಹಾಲ್ ಇಳಿದು ಹೋಯಿತು.

ಉಳಿದವರನ್ನು ಚಾಪೆಯ ಮೇಲೆ ಮಲಗಿಸಿ ಉಸಿರಾಟ ಹೇಳಿಕೊಟ್ಟೆ. ಎಲ್ಲರೂ ಉಸಿರು ಎಳೆದುಕೊಂಡರು. ಬಿಡಿ ಎಂದರೆ ಯಾರೂ ಬಿಡಲೊಲ್ಲರು. ನನ್ನ ಮುಖ ನೋಡಿಕೊಂಡು ಬಿಗಿಹಿಡಿದೇ ಮಲಗಿದ್ದಾರೆ! "ಉಸಿರು ಬಿಡಿ! ಬಿಡಿ ಅಂತಿದೀನಲ್ಲ!" ಎಂದು ಕೂಗಿದೆ. ಕೆಳಗೆ ಡೈರಿಯ ಮುಂದೆ ಕಟ್ಟಿದ್ದ ಒಂದು ಹಸು ಬೆದರಿ ಹಗ್ಗ ಕಿತ್ತುಕೊಂಡು ಓಡಿತಂತೆ. ಶ್ರೀನಿವಾಸಪ್ಪ ತುಂಬ ಮರ್ಯಾದೆಯಿಂದ ಈ ವಿಷಯ ತಿಳಿಸಿದರು.

ಕೊನೆಯಲ್ಲಿ ಪ್ರತಿಯೊಬ್ಬರೂ ತಮ್ಮ ಗುರಿ ಏನೆಂದು ಹೇಳಬೇಕಿತ್ತು. ನೋವು ಹೋಗಬೇಕು ಎನ್ನಬಾರದು. ನೋವಿದ್ದೂ ಏನು ಮಾಡಲು ಆಸೆ ಎಂದು ಹೇಳಬೇಕು. ಪಾಪಣ್ಣ, ಎಲ್ಲೂ ಕೂರದೆ ಟೀ ಅಂಗಡಿವರೆಗೆ ನಡೆದು ಹೋಗಬೇಕು ಎಂದರು. ಹಿಂದಿನ ಸಾಲಿನಲ್ಲಿ ಗೋಡೆಗೆ ಒರಗಿ ಕೂತಿದ್ದ ವೆಂಕಟಲಕ್ಷ್ಮಿ ಎಂಬ ಹೆಂಗಸಿನ ಸರದಿ ಬಂತು. ಅವಳು ತಲೆ ತಗ್ಗಿಸಿಕೊಂಡೇ ಹೇಳಿದಳು.

"ನಮ್ಮತ್ತೆಗೆ ಒಂದ್ ಮಾತು ಹೇಳ್ಬೇಕು ಮೇಡಂ. ನಂದು ನಾಟಕ ಅಲ್ಲ ಅಂತ. ನಾನ್ ಹೇಳಿದ್ರೆ ನಂಬಲ್ಲ. ನೀವ್ ಹೇಳಿದ್ರೆ ನಂಬ್ತಾರೆ."

ಅವಳ ಕಥೆ ಕೇಳಿ ನನ್ನ ಮೈ ಉರಿದುಹೋಯಿತು. ಮನೆಯಲ್ಲಿ ರೇಷ್ಮೆ ಬೆಳೆ. ಸೊಪ್ಪು ಕತ್ತರಿಸುವುದು, ಹೊರುವುದು, ಬಗ್ಗಿ ಹುಳುಗಳಿಗೆ ಹಾಕುವುದು, ಕಸ ತೆಗೆಯುವುದು, ಎಲ್ಲ ಇವಳದೇ. ಕೊನೆಯ ಹೆರಿಗೆಯಿಂದ ಸೊಂಟ ಹಿಡಿದುಕೊಂಡಿದೆ. ಚಿಂತಾಮಣಿಯಲ್ಲಿ ಸ್ಕ್ಯಾನ್ ಮಾಡಿಸಿದಾಗ ಯಾರೋ ಪುಣ್ಯಾತ್ಮರು 'ಮೂಳೆ ಸವೆದಿದೆ, ಬಗ್ಗಬೇಡ, ಭಾರ ಎತ್ತಬೇಡ' ಎಂದು ಹೇಳಿ ಕಳಿಸಿದ್ದಾರೆ. ಬಗ್ಗುವುದು, ಭಾರ ಎತ್ತುವುದು ಬಿಟ್ಟು ಅವಳ ಬದುಕಿನಲ್ಲಿ ಬೇರೆ ಏನಿದೆ ಎಂದು ಅವರು ಕೇಳಲಿಲ್ಲ. ಅಂದಿನಿಂದ ಅವಳಿಗೆ ಮಗ್ಗುಲು ಬದಲಿಸಲೂ ಭಯ. ಅತ್ತೆ ಮುನಿಯಮ್ಮನದು ಒಂದೇ ಮಾತು: 'ಸೊಂಟ ನೋವು ಯಾರಿಗಿಲ್ಲ?' ಇದನ್ನು ನಾನು ಕ್ಲಿನಿಕ್ಕಿನಲ್ಲಿ ದಿನವೂ ಕೇಳುತ್ತೇನೆ. ಗಂಡಸಿಗೆ ಬಂದರೆ ಕಾಯಿಲೆ, ಕಾರು ಮಾಡಿಕೊಂಡು ಬರುತ್ತಾರೆ. ಹೆಂಗಸಿಗೆ ಬಂದರೆ ಯಾರಿಗಿಲ್ಲ! ಕೇಳಿದಾಗಲೆಲ್ಲ ಯಾರಿಗಾದರೂ ಎರಡು ಬಿಡೋಣ ಅನ್ನಿಸುತ್ತದೆ.

"ನಾನೇ ನಿಮ್ಮ ಮನೆಗೆ ಬಂದು ಹೇಳ್ತೀನಿ," ಎಂದು ಮಾತು ಕೊಟ್ಟೆ. ವೆಂಕಟಲಕ್ಷ್ಮಿ ಮೊದಲ ಸಲ ತಲೆ ಎತ್ತಿದಳು.

ಎರಡನೇ ಬುಧವಾರದ ಬೆಳಿಗ್ಗೆ ಒಂದು ಚಿಕ್ಕ ತೊಂದರೆಯಾಯಿತು. ಹಿಂದಿನ ವಾರ ಚಾಪೆಗಳನ್ನು ಡೈರಿ ಮೆಟ್ಟಿಲು ಹತ್ತಿಸಿದ್ದಕ್ಕೋ, ಶಿಡ್ಲಘಟ್ಟದಿಂದಾಚೆ ಗುಂಡಿಗಳ ನಡುವೆ ರಸ್ತೆ ಹುಡುಕಿಕೊಂಡು ಸ್ಕೂಟರ್ ಓಡಿಸಿದ್ದಕ್ಕೋ, ನನ್ನದೇ ಸೊಂಟ ಚುಳುಕ್ ಎನ್ನತೊಡಗಿತ್ತು. ವೃತ್ತಿಯ ಘನತೆಯನ್ನು ಪಕ್ಕಕ್ಕಿಟ್ಟು, ಬಾಗಿಲು ಹಾಕಿಕೊಂಡು, ಬಾಮ್ ಹಚ್ಚಿಕೊಂಡೆ. ಸ್ವಲ್ಪ ಅಲ್ಲ. ಅರ್ಧ ಡಬ್ಬಿ.

"ಏನೇ ಇದು, ಮನೆ ತುಂಬಾ ಘಾಟು!" ಎಂದು ಹೊರಗಿನಿಂದ ಯಜಮಾನರು ಕೂಗಿದರು. "ಬಾಮ್ ಹಚ್ಚೋದು ಮೂಢತನ ಅಲ್ವಾ?"

"ಪಕ್ಕದ ಮನೆಯವರದು!" ಎಂದೆ. ಪಕ್ಕದ ಮನೆಗೆ ಬೀಗ ಹಾಕಿ ವಾರವಾಗಿತ್ತು.

ಹಳ್ಳಿಗೆ ಹೋದರೆ ಹಾಲ್‌ನಲ್ಲಿ ಒಂದು ನರಪಿಳ್ಳೆ ಇಲ್ಲ! ಚಾಪೆ ಹಾಸಿಕೊಂಡು, ಚಾರ್ಟಿನ ಕೆಳಗೆ, ಸಭೆಯೇ ಇಲ್ಲದ ಅಧ್ಯಕ್ಷಳಂತೆ ಕಾದೆ. ಕೊನೆಗೆ ಶ್ರೀನಿವಾಸಪ್ಪ ಮೇಲೆ ಬಂದರು.

"ಯಾರೂ ಬರಲ್ಲ ಮೇಡಂ. ಹುಳು ನಾಲ್ಕನೇ ಜ್ವರದಿಂದ ಎದ್ದವೆ."

ರೇಷ್ಮೆ ಹುಳು ಬೆಳೆಯುವಾಗ ಪೊರೆ ಬಿಡಲು ನಾಲ್ಕು ಸಲ ಸೊಪ್ಪು ಬಿಟ್ಟು ಸುಮ್ಮನೆ ಮಲಗುತ್ತದೆ. ಅದಕ್ಕೆ ಜ್ವರ ಎನ್ನುತ್ತಾರೆ. ನಾಲ್ಕನೇ ಜ್ವರದಿಂದ ಎದ್ದ ಮೇಲೆ ಗೂಡು ಕಟ್ಟುವ ತನಕ ಅದು ತಿನ್ನುವುದೇ ತಿನ್ನುವುದು. ಮನೆಯವರಿಗೆ ಊಟ ನಿದ್ದೆ ಇಲ್ಲ. ಊರಿನವರೆಲ್ಲ ಒಂದೇ ಕಡೆಯಿಂದ ಒಂದೇ ದಿನ ಮರಿ ಹುಳು ತಂದಿದ್ದರಿಂದ ಊರಿಗೆ ಊರೇ ಹುಳು ಮನೆಯಲ್ಲಿತ್ತು. ಈ ಜಿಲ್ಲೆಯಲ್ಲಿ ಚಡ್ಡಿ ಹಾಕದ ಮಗುವಿಗೂ ಗೊತ್ತಿರುವ ವಿಷಯ ಇದು. ನಾನು ಮಂಡಿಕಲ್ ಕಡೆಯ ಮೇಷ್ಟರ ಮಗಳು. ಹುಳುವಿನ ಚಿತ್ರ ಬಿಡಿಸಿ ಭಾಗಗಳನ್ನು ಗುರುತಿಸಿ ಅಂಕ ಪಡೆದಿದ್ದೆ, ಅಷ್ಟೇ.

ನನಗೆ ಪಿತ್ತ ನೆತ್ತಿಗೇರಿತು. ವರ್ಷಗಟ್ಟಲೆ ನೋವು ತಿನ್ನುವವರು ವಾರಕ್ಕೊಂದು ಬೆಳಿಗ್ಗೆ ಬಿಡುವು ಮಾಡಿಕೊಳ್ಳಲಾರರೇ? ಹುಳುವಿಗೆ ಇರುವ ಬೆಲೆ ವೆಂಕಟಲಕ್ಷ್ಮಿಯ ಸೊಂಟಕ್ಕಿಲ್ಲವೇ? ಕೊಟ್ಟ ಮಾತು ನೆನಪಾಯಿತು. ಇವತ್ತೇ ಆ ಮುನಿಯಮ್ಮನಿಗೆ ಹೇಳಿಬಿಡುತ್ತೇನೆ ಎಂದು ಸೀದಾ ಅವರ ಮನೆಗೆ ನಡೆದೆ.

ಮನೆಯ ಹಿಂದೆ ಹುಳು ಮನೆ. ಬಾಗಿಲಿನ ಮುಂದೆ, ಹುಳುವಿಗೆ ರೋಗ ತಗುಲದಿರಲೆಂದು, ಸುಣ್ಣದ ಪುಡಿ ಹರಡಿತ್ತು. ಬಾಗಿಲಲ್ಲಿ ಮುನಿಯಮ್ಮ ಸೊಂಟಕ್ಕೆ ಸೆರಗು ಸಿಕ್ಕಿಸಿಕೊಂಡು ನಿಂತಿದ್ದರು. ಒಳಗೆ ವೆಂಕಟಲಕ್ಷ್ಮಿ ಬಗ್ಗಿಕೊಂಡು ಸೊಪ್ಪು ಹಾಕುತ್ತಿದ್ದಳು.

"ಅಲ್ಲೇ ನಿಂತ್ಕೊಳಮ್ಮ, ಒಳಗ್ ಬರಬೇಡ. ಹುಳು ಐತೆ," ಎಂದರು ಮುನಿಯಮ್ಮ.

ಸೊಸೆಯ ಕಷ್ಟ ನನ್ನ ಕಣ್ಣಿಗೆ ಬೀಳದಿರಲಿ ಎಂದೇ ತಡೆಯುತ್ತಿದ್ದಾರೆ ಎಂದು ನಾನು ತೀರ್ಮಾನಿಸಿದೆ. ಬಾಗಿಲಲ್ಲೇ ನಿಂತು ಭಾಷಣ ಬಿಗಿದೆ. ನೋವು ನಾಟಕವಲ್ಲ, ಹೀಗೆ ಒಂದೇ ಸಮನೆ ದುಡಿಸಬಾರದು, ಸ್ವಲ್ಪ ಕೆಲಸ, ಸ್ವಲ್ಪ ವಿಶ್ರಾಂತಿ, ಮತ್ತೆ ಸ್ವಲ್ಪ ಕೆಲಸ! ಮುನಿಯಮ್ಮ ಪೂರ್ತಿ ಕೇಳಿಸಿಕೊಂಡರು.

"ನಂಗ್ಯಾಕಮ್ಮ ಹೇಳ್ತೀಯ? ತಿಂತಾ ಇರೋದು ಹುಳು. ಹುಳುಗೇ ಹೇಳು."

"ಹೇಳ್ತೀನಿ!" ಎಂದು ಸುಣ್ಣದ ಪುಡಿ ದಾಟಿ ಒಳಗೆ ನುಗ್ಗಿಬಿಟ್ಟೆ.

ಸಾಲು ಸಾಲು ಸ್ಟ್ಯಾಂಡುಗಳು, ಅದರ ಮೇಲೆ ಹಸಿರು ಸೊಪ್ಪು, ಸೊಪ್ಪಿನ ಮೇಲೆ ಬೆರಳುದ್ದದ ಬಿಳಿ ಹುಳುಗಳು. ಒಳಗೆಲ್ಲ ಚರಚರ ತಿನ್ನುವ ಸದ್ದು. ನಾನು ಮೊದಲನೇ ಸ್ಟ್ಯಾಂಡಿನ ಮುಂದೆ ನಿಂತು ವೆಂಕಟಲಕ್ಷ್ಮಿಗೆ ಹೇಗೆ ಬಗ್ಗಬೇಕೆಂದು ತೋರಿಸತೊಡಗಿದೆ. ಒಳಗೆ ಸೆಕೆ. ಬೆವರಿದೆ. ಬೆವರಿದಷ್ಟೂ ಬಾಮ್ ಅರಳಿತು. ಸ್ವಲ್ಪ ಹೊತ್ತಿಗೆ ಏನೋ ಬದಲಾದ ಹಾಗೆನಿಸಿತು. ಆ ಸ್ಟ್ಯಾಂಡಿನಲ್ಲಿ ಚರಚರ ನಿಂತಿತ್ತು. ಹುಳುಗಳೆಲ್ಲ ತಿನ್ನುವುದು ಬಿಟ್ಟು ತಲೆ ಎತ್ತಿ ಅತ್ತಿತ್ತ ಆಡಿಸುತ್ತಿದ್ದವು. ನನ್ನ ಮಾತು ಇಷ್ಟು ಗಮನವಿಟ್ಟು ಕೇಳಿದ ಮೊದಲ ಸಭೆ!

ಮುನಿಯಮ್ಮ ಮೂಗು ಅರಳಿಸಿದರು. "ಅಯ್ಯೋ ದೇವುಡಾ! ಏನ್ ಹಚ್ಕೊಂಡ್ ಬಂದಿದೀಯಮ್ಮ ನೀನು?"

ಹುಳು ಮನೆಯಲ್ಲಿ ಊದುಬತ್ತಿ ಹಚ್ಚುವುದಿಲ್ಲ. ಬೀಡಿ ಸೇದಿದವನು ಒಳಗೆ ಕಾಲಿಡುವುದಿಲ್ಲ. ಮುಖಕ್ಕೆ ಪೌಡರ್ ಹಾಕಿದ ಹುಡುಗಿಯರನ್ನೂ ಮುಖ ತೊಳೆಸಿ ಬಿಡುತ್ತಾರೆ. ಅಂಥ ಜಾಗಕ್ಕೆ ನಾನು ಅರ್ಧ ಡಬ್ಬಿ ಬಾಮ್ ಬಳಿದುಕೊಂಡು, ಬಾಮ್ ಮೂಢತನ ಎಂದು ಬೋಧಿಸಿದ ಬಾಯಿ ಹೊತ್ತುಕೊಂಡು, ಆರೋಗ್ಯ ಕಲಿಸಲು ಹೊಕ್ಕಿದ್ದೆ.

ಮುನಿಯಮ್ಮ ನನ್ನನ್ನು ಬೈಯಲಿಲ್ಲ. ಬೈದಿದ್ದರೆ ನನಗೆ ಎಷ್ಟೋ ಸಮಾಧಾನವಾಗುತ್ತಿತ್ತು, ತಿರುಗಿ ಬೈಯಬಹುದಿತ್ತು. ಅವರು ತಿರುಗಿದ್ದು ಸೊಸೆಯ ಕಡೆ.

"ಆಯ್ತೇನೇ ನಿನ್ನ ಸೊಂಟ ನೋವು? ಡಾಕ್ಟ್ರನ್ನ ಕರೆಸ್ದೆ. ಬೆಳೆನೇ ಹೋಗೋ ಹಂಗಾಯ್ತು. ಇನ್ನೊಂದ್ ಸಲ ನನ್ನ ಮುಂದೆ ಸೊಂಟ ಅಂತ ಅನ್ನು, ನೋಡ್ತೀನಿ."

ವೆಂಕಟಲಕ್ಷ್ಮಿ ಕೈಯಲ್ಲಿದ್ದ ಸೊಪ್ಪು ಕೆಳಗಿಟ್ಟಳು. ನನ್ನನ್ನೊಮ್ಮೆ ನೋಡಿದಳು. ಆ ನೋಟದ ಮುಂದೆ ನನ್ನ ಕೋಪವೆಲ್ಲ ಬಾಲ ಮುದುರಿಕೊಂಡಿತು. ಅವಳು ಕೇಳಿದ್ದು ಒಂದೇ ಮಾತು. ಅದನ್ನು ಹೇಳಲು ಹೋಗಿ, ಇನ್ನು ಮುಂದೆ ಅವಳೂ ಹೇಳದ ಹಾಗೆ ಮಾಡಿದ್ದೆ.

ಮುಂದಿನದು ಬಹಳ ಬೇಗ ನಡೆಯಿತು. ನನ್ನನ್ನು ಹಸುಗಳ ತೊಟ್ಟಿಯ ಹತ್ತಿರ ಕೂರಿಸಿ ಮುನಿಯಮ್ಮನೇ ಬಟ್ಟೆ ಸೋಪಿನಲ್ಲಿ ಬೆನ್ನು ತಿಕ್ಕಿದರು. ಹಸುಗಳಿಗೂ ಅಷ್ಟು ಜೋರಾಗಿ ತಿಕ್ಕುವುದಿಲ್ಲ ಎಂದು ಕಾಣುತ್ತದೆ, ಅವು ಆಶ್ಚರ್ಯದಿಂದ ನೋಡುತ್ತಿದ್ದವು. ಮುನಿಯಮ್ಮನ ಒಂದು ಹಳೆ ಸೀರೆ ಉಡಿಸಿದರು. ಒಳಗೆ ಪರದೆಗಳನ್ನೆಲ್ಲ ಎತ್ತಿ ಕಟ್ಟಿ ಗಾಳಿ ಬಿಟ್ಟರು. ಘಾಟು ಹಿಡಿದ ಸೊಪ್ಪನ್ನೆಲ್ಲ ತೆಗೆದು ಹೊಸ ಸೊಪ್ಪು ಹಾಕಬೇಕಿತ್ತು. ಅಂದರೆ ವೆಂಕಟಲಕ್ಷ್ಮಿ ಮತ್ತೆ ತೋಟಕ್ಕೆ ಹೋಗಬೇಕು, ಮತ್ತೆ ಕೊಯ್ಯಬೇಕು, ಮತ್ತೆ ಹೊರಬೇಕು.

"ನಾನ್ ಹೊರ್ತೀನಿ!" ಎಂದೆ. ಯಾರೂ ಕೇಳಿರಲಿಲ್ಲ.

ಸೊಪ್ಪಿನ ಹೊರೆ ನೋಡಲು ಹಸಿರಾಗಿ ತಂಪಾಗಿ ಇರುತ್ತದೆ. ತಲೆಗೇರಿಸಿಕೊಂಡರೆ ಗೊತ್ತಾಗುತ್ತದೆ. ಮೊದಲನೆಯದನ್ನು ಅವಮಾನದಲ್ಲಿ ಹೊತ್ತೆ. ಎರಡನೆಯದನ್ನು ಸಿಟ್ಟಿನಲ್ಲಿ. ಆಮೇಲಿನವನ್ನು ಹಟದಲ್ಲಿ. ಹೊತ್ತದ್ದಾದ ಮೇಲೆ ಬಗ್ಗಿ ಹಳೇ ಸೊಪ್ಪು ತೆಗೆದೆ, ಬಗ್ಗಿ ಹೊಸದು ಹರಡಿದೆ, ಬಗ್ಗಿ ಕಸ ಬಾಚಿದೆ.

"ಮೇಡಂ, ಸ್ವಲ್ಪ ಕೆಲಸ, ಸ್ವಲ್ಪ ವಿಶ್ರಾಂತಿ ಅಂದ್ರಲ್ಲ?" ಎಂದಳು ವೆಂಕಟಲಕ್ಷ್ಮಿ ಮೆಲ್ಲಗೆ.

"ಸುಮ್ನಿರಮ್ಮ ನೀನು!" ಎಂದೆ.

ಮಧ್ಯಾಹ್ನದ ಹೊತ್ತಿಗೆ ಒಂದು ಮೂಲೆಯಲ್ಲಿ ಚರಚರ ಶುರುವಾಯಿತು. ಆಮೇಲೆ ಇನ್ನೊಂದು ಮೂಲೆ. ಆಮೇಲೆ ನಾನು ನಿಂತು ಬೋಧಿಸಿದ ಆ ಮೊದಲನೇ ಸ್ಟ್ಯಾಂಡ್. ಮುನಿಯಮ್ಮ ಕೈ ಮುಗಿದರು. ವೆಂಕಟಲಕ್ಷ್ಮಿಯ ಮುಖಕ್ಕೆ ಜೀವ ಬಂತು. ನನಗೆ ಅಳುವಷ್ಟು ಸಂತೋಷವಾಯಿತು. ಆ ಸಂತೋಷದಲ್ಲೇ ನೆಲದ ಮೇಲೆ ಬಿದ್ದಿದ್ದ ಕೊನೆಯ ಕಟ್ಟು ಸೊಪ್ಪನ್ನು ಎತ್ತಲು ಬಗ್ಗಿದೆ.

ಟಕ್!

ಬಗ್ಗಿದವಳು ಬಗ್ಗಿದ ಹಾಗೇ ಉಳಿದೆ. ಮೇಲೇಳಲಾರೆ, ಕೂರಲಾರೆ. ಮುನಿಯಮ್ಮನ ಸೀರೆಯಲ್ಲಿ, ಭೂಮಿ ನೋಡಿಕೊಂಡು, ಮೇಷ್ಟರು ಬೆಂಚಿನ ಮೇಲೆ ನಿಲ್ಲಿಸದೆ ಬಗ್ಗಿಸಿ ನಿಲ್ಲಿಸಿದ ಹುಡುಗಿಯ ಹಾಗೆ. ನೋವೆಂದರೆ ಅಪಾಯವಲ್ಲ, ಗಾಬರಿಯಾಗಬೇಡಿ, ನಿಧಾನ ಉಸಿರಾಡಿ, ಸ್ವಲ್ಪ ಸ್ವಲ್ಪವೇ ಅಲುಗಾಡಿ. ಈ ಮಾತುಗಳನ್ನು ನಾನು ಎಷ್ಟು ಸಾವಿರ ಜನಕ್ಕೆ ಹೇಳಿದ್ದೇನೋ! ಒಂದೂ ನೆನಪಾಗಲಿಲ್ಲ. ನನ್ನ ಬಾಯಿಂದ ಹೊರಟದ್ದು ಒಂದೇ ಪದ.

"ಸೂಜಿ! ಯಾರಾದ್ರೂ ಸೂಜಿ ಹಾಕ್ಸಿ!"

ಊರು ಸೇರಿತು. ಇದಕ್ಕೆ ಬಿಡುವಿತ್ತು ಅವರಿಗೆ! ಬೈಕಿನ ಸದ್ದು ಕೇಳಿಸಿತು. ನೆಲ ನೋಡುತ್ತಿದ್ದ ನನಗೆ ಎರಡು ಚಪ್ಪಲಿ ಕಾಲು ಮತ್ತು ಒಂದು ಬ್ಯಾಗಿನ ತಳ ಕಂಡವು. ಶಂಕರಪ್ಪ ಸೇಡಿನ ಒಂದು ಮಾತಾಡಲಿಲ್ಲ. ಗಂಟಲು ಸರಿಮಾಡಿಕೊಂಡು ಅತ್ಯಂತ ಗೌರವದಿಂದ ಕೇಳಿದ:

"ಮೇಡಂ, ಯಾವ ಕಡೆ?"

ಸಾಯಂಕಾಲ ಯಜಮಾನರು ಕಾರು ಮಾಡಿಕೊಂಡು ಬಂದು ಹಿಂದಿನ ಸೀಟಿನಲ್ಲಿ ನನ್ನನ್ನು ಮಲಗಿಸಿದರು. ಜಂಗಮಕೋಟೆ ದಾಟಿದೆವು. ಒಂದು ದೊಡ್ಡ ಹಂಪ್ ಬಂತು. ನಾನು ಕಿರುಚಿದೆ.

"ಪದ್ಮ, ಉಸಿರು ಸ್ವಲ್ಪ ನಿಧಾನಕ್ಕೆ..."

"ಇನ್ನೊಂದ್ ಮಾತು ಆಡಿದ್ರೆ ನೋಡಿ!"

ಅವರು ಕಿಟಕಿಯ ಕಡೆ ತಿರುಗಿದರು. ಹೆಗಲು ಅಲುಗಾಡುತ್ತಿತ್ತು. ನಗುತ್ತಿದ್ದರು.

ನಾನು ಸುಧಾರಿಸಿಕೊಳ್ಳುವಷ್ಟರಲ್ಲಿ ಮುನಿಯಮ್ಮನ ಮನೆಯ ಹುಳು ಗೂಡು ಕಟ್ಟಿತು. ಬೆಳೆ ಚೆನ್ನಾಗಿಯೇ ಬಂತಂತೆ. ಶ್ರೀನಿವಾಸಪ್ಪ ಫೋನ್ ಮಾಡಿದರು. "ಮೇಡಂ, ಮುಂದಿನ ಬೆಳೆಗೆ ಮೂರನೇ ಜ್ವರದ ದಿನ ಕ್ಲಾಸ್ ಇಟ್ಕೊಳ್ಳಿ ಅಂತ ಮುನಿಯಮ್ಮ ಹೇಳವ್ರೆ. ಅವತ್ತು ಹುಳು ಮಲಗಿರ್ತವೆ, ಎಲ್ರೂ ಬರ್ತಾರಂತೆ. ಆಮೇಲೆ... ಬಾಮ್ ಬೇಡ ಅಂದವ್ರೆ."

ಆ ದಿನ ಹೋದೆ. ಡೈರಿ ಮೆಟ್ಟಿಲಲ್ಲಿ ಮುನಿಯಮ್ಮ ನಿಂತಿದ್ದರು. ನನ್ನ ಹೆಗಲ ಹತ್ತಿರ ಮೂಗು ತಂದು, ಒಂದು ಸುತ್ತು ಮೂಸಿ ನೋಡಿ, "ಹೋಗು," ಎಂದರು. ಮೇಲೆ ಹಾಲ್ ತುಂಬಿತ್ತು. ನನ್ನ ನೋವು ನಿರ್ವಹಣಾ ಜ್ಞಾನಕ್ಕಾಗಿ ಬಂದಿದ್ದಾರೆ ಎಂಬ ಭ್ರಮೆ ನನಗಿರಲಿಲ್ಲ. ಬಗ್ಗಿದ ಡಾಕ್ಟ್ರಮ್ಮ ನೆಟ್ಟಗಾಗಿದ್ದಾಳೋ ಇಲ್ಲವೋ ನೋಡಲು ಬಂದಿದ್ದರು. ಚಾಪೆಯ ಮೇಲೆ, ಮುಂದಿನ ಸಾಲಿನಲ್ಲಿ, ಮುನಿಯಮ್ಮ ಬಂದು ಕೂತರು. ವೆಂಕಟಲಕ್ಷ್ಮಿ ಹಿಂದೆ, ಅದೇ ಗೋಡೆಗೆ ಒರಗಿ.

"ಸೂಜಿಯಿಂದ ಈ ನೋವು..." ಎಂದು ಶುರು ಮಾಡಿದೆ.

"ಅದೆಂಗಮ್ಮ?" ಪಾಪಣ್ಣ ಕೈ ಎತ್ತದೆಯೇ ಕೇಳಿದರು. "ನಿಮಗಾದ್ರೆ ಸೂಜಿ, ನಮಗಾದ್ರೆ ಉಸಿರಾ?"

ಹಾಲ್ ಗೊಳ್ಳೆಂದು ನಕ್ಕಿತು. ನನ್ನ ಕಿವಿ ಬಿಸಿಯಾಯಿತು. ಆಗ ನನ್ನ ಪರವಾಗಿ ಎದ್ದವರು, ನಂಬಿದರೆ ನಂಬಿ, ಮುನಿಯಮ್ಮ.

"ಸುಮ್ನಿರ್ರಪ್ಪಾ! ನಾನ್ ಕಣ್ಣಾರೆ ನೋಡಿದೀನಿ. ಡಾಕ್ಟ್ರಮ್ಮಂದು ನಿಜವಾದ ನೋವು. ನಾಟಕ ಅಲ್ಲ. ಪಾಪ, ಒಂದ್ ದಿನದ ಕೆಲಸಕ್ಕೇ ಬಿದ್ದೋದ್ಲು. ನಮ್ಮ ಹುಡುಗಿಗಾದ್ರೆ ಅಭ್ಯಾಸ ಆಗೋಗೈತೆ."

ನಿಜವಾದ ನೋವು. ನಾಟಕ ಅಲ್ಲ. ವೆಂಕಟಲಕ್ಷ್ಮಿ ಇಷ್ಟು ವರ್ಷ ಕಾದ ಎರಡು ಮಾತು. ಒಂದು ದಿನ ಸೊಪ್ಪು ಹೊತ್ತ ನನಗೆ ಸಿಕ್ಕಿಬಿಟ್ಟವು! ನಾಚಿಕೆಯಿಂದ ನನಗೆ ಅವಳ ಕಡೆ ನೋಡಲೂ ಆಗಲಿಲ್ಲ. ಈಗಲಾದರೂ ನಾನು ಬಾಯಿ ಬಿಡಬೇಕಿತ್ತು. ಬಿಡುವಷ್ಟರಲ್ಲಿ ಹಿಂದಿನಿಂದ ಒಂದು ದನಿ ಬಂತು. ಅದು ನನ್ನದಕ್ಕಿಂತ ಜೋರಾಗಿತ್ತು.

"ಅಭ್ಯಾಸ ಅಲ್ಲ ಅತ್ತೆ! ನೋವು! ಅವರಿಗೆ ಆಗಿದ್ದೇ ನಂಗೂ ಆಗೋದು. ಬೆಳೆ ಬೆಳೆಗೂ ಆಗ್ತದೆ. ನಾನ್ ಕಿರುಚಲಿಲ್ಲ, ಅಷ್ಟೇ!"

ಹೇಳಿ ಅವಳೇ ಬೆದರಿ ಬಾಯಿಗೆ ಸೆರಗು ಒತ್ತಿಕೊಂಡಳು. ಮುನಿಯಮ್ಮ ತಿರುಗಿ ಸೊಸೆಯನ್ನು ನೋಡಿದರು. ನನ್ನನ್ನು ನೋಡಿದರು. ಮತ್ತೆ ಸೊಸೆಯನ್ನು ನೋಡಿದರು. ಏನೋ ಲೆಕ್ಕ ಹಾಕುತ್ತಿದ್ದ ಹಾಗಿತ್ತು. ಆಮೇಲೆ ಚಾಪೆಯ ಮೇಲೆ ಸ್ವಲ್ಪ ಪಕ್ಕಕ್ಕೆ ಸರಿದು ಜಾಗ ಮಾಡಿದರು.

"ಅಲ್ಯಾಕ್ ನೆಲದ ಮೇಲೆ ಕೂತಿದೀಯ? ತಣ್ಣಗೆ ಕೊರೀತದೆ. ಇಲ್ಲಿ ಬಾ."

ವೆಂಕಟಲಕ್ಷ್ಮಿ ಎದ್ದು ಬಂದು ಅತ್ತೆಯ ಪಕ್ಕ ಕೂತಳು. ಇಬ್ಬರೂ ಮುಖ ಮುಖ ನೋಡಿಕೊಳ್ಳಲಿಲ್ಲ.

ಬೆಂಗಳೂರಿನ ತರಬೇತಿ, ಬ್ಯಾನರ್, ನಾಯಿಯ ಉದಾಹರಣೆ, ನನ್ನ ಭಾಷಣ ಎಲ್ಲ ಸೇರಿ ಮಾಡಲಾಗದ ಕೆಲಸವನ್ನು ಅವಳ ಒಂದು ಸಿಟ್ಟು ಮಾಡಿತ್ತು. ನನ್ನ ಹಿಂದೆ ಗೋಡೆಯ ಮೇಲೆ ಕೆಂಪು ಅಕ್ಷರದಲ್ಲಿ 'ಕೋಪ ಬಿಡಿ, ನೋವು ತಾನಾಗಿ ಬಿಡುತ್ತದೆ' ಎಂದು ನೇತಾಡುತ್ತಿತ್ತು. ಅದು ನೆನಪಾಗಿ ನನಗೆ ಮೈಯೆಲ್ಲ ಉರಿಯಿತು. ಯಾರು ಬರೆದದ್ದು ಈ ದರಿದ್ರ ಚಾರ್ಟ್! ಕಿತ್ತು ಬಿಸಾಕೋಣವೆಂದು ರಪ್ಪನೆ ತಿರುಗಿ ಎರಡೂ ಕೈ ಮೇಲೆತ್ತಿದೆ.

ಟಕ್!

ಈ ಸಲ ನೆಟ್ಟಗೇ ಹಿಡಿದುಕೊಂಡಿತು. ಎರಡು ಕೈ ಮೇಲೆ, ಮುಖ ಗೋಡೆಗೆ, ಮೂಗಿನ ಮುಂದೆ 'ಕೋಪ ಬಿಡಿ'. ಹಿಂದೆ ಚಾಪೆಗಳ ಮೇಲೆ ಗುಸುಗುಸು ಶುರುವಾಯಿತು. ಪಾಪಣ್ಣ ಶಂಕರಪ್ಪನಿಗೆ ಫೋನ್ ಮಾಡಲು ಯಾರಿಗೋ ಹೇಳುತ್ತಿದ್ದರು. "ಬೇಡ!" ಎಂದೆ ಗೋಡೆಗೆ. ಆಮೇಲೆ ಮುನಿಯಮ್ಮನ ದನಿ ಮೊದಲು, ಅವರ ಹಿಂದೆ ವೆಂಕಟಲಕ್ಷ್ಮಿ, ಅವಳ ಹಿಂದೆ ಇಡೀ ಹಾಲ್, ನಾನು ಕಲಿಸಿಕೊಟ್ಟ ಅದೇ ರಾಗದಲ್ಲಿ ಗದರಿತು:

"ಉಸಿರು ಬಿಡಿ ಡಾಕ್ಟ್ರಮ್ಮಾ! ಬಿಡಿ ಅಂತಿದೀವಲ್ಲ!"

ಬಿಟ್ಟೆ.